ಜೊತೆಗೆ ದುಡಿದವರನ್ನು ಒಂದೇ ಮಾತಲ್ಲಿ ಏನನ್ನಬೇಕು?

ಮೂವರಲ್ಲೊಬ್ಬಳು

ನಮಸ್ಕಾರ. ಒಂದು ಪದಕ್ಕಾಗಿ ಹತ್ತು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಇಲ್ಲಿ ಬಲ್ಲವರಿದ್ದೀರಿ ಅಂತ ಕೇಳುತ್ತಿದ್ದೇನೆ.

ನಾವು ಮೂವರು ಸೇರಿ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡಿದ್ದೇವೆ. ಕಥೆ ನನ್ನದು. ಚಿತ್ರ ನನ್ನ ಗೆಳತಿಯದು. ಮೂರನೆಯವರು ನಮ್ಮಿಬ್ಬರಿಗಿಂತ ಹಿರಿಯರು. ಅಚ್ಚಿನ ಖರ್ಚಿನಲ್ಲಿ ದೊಡ್ಡ ಪಾಲು ಅವರದೇ. ಅಷ್ಟೇ ಅಲ್ಲ, ಪುಟ ಜೋಡಿಸಿದ್ದು, ಅಕ್ಷರದ ಗಾತ್ರ ಹೊಂದಿಸಿದ್ದು, ಕಾಗದ ಆರಿಸಿದ್ದು ಎಲ್ಲಾ ಅವರೇ. ಕಥೆಯಲ್ಲಿ ಒಂದು ಕಡೆ ಆಮೆ ನದಿ ದಾಟುತ್ತದೆ. ನಾನು ಒಂದೇ ಸಾಲಲ್ಲಿ ಬರೆದಿದ್ದೆ. ಅವರು ಅದನ್ನು ಎರಡಾಗಿ ಒಡೆದರು. 'ಆಮೆ ಇಳಿಯಿತು' ಎಡಗಡೆ ಪುಟದ ಅಂಚಿನಲ್ಲಿ, 'ಆಮೆ ಹತ್ತಿತು' ಬಲಗಡೆ ಪುಟದ ಅಂಚಿನಲ್ಲಿ. ನಡುವೆ ಪೂರ್ತಿ ನೀರು, ಒಂದಕ್ಷರವೂ ಇಲ್ಲ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಕರಡು ಪ್ರತಿ ಬಂತು. ಎರಡನೇ ಪುಟದಲ್ಲಿ 'ಕಥೆ' ಅಂತ ನನ್ನ ಹೆಸರು, 'ಚಿತ್ರ' ಅಂತ ಗೆಳತಿಯ ಹೆಸರು. ಅವರ ಹೆಸರಿನ ಹಿಂದೆ 'ಸಹಾಯ' ಅಂತ ಇತ್ತು. ಹಾಗೆ ಬರೆದುಕೊಟ್ಟವಳು ನಾನೇ. ಆ ಹೊತ್ತಿಗೆ ಬೇರೆ ಪದ ಹೊಳೆಯಲಿಲ್ಲ. ಅವರು ಏನೂ ಅನ್ನಲಿಲ್ಲ. ಉಳಿದ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಆ ಪದದ ಕೆಳಗೆ ಮಾತ್ರ ಪೆನ್ಸಿಲ್ಲಿನಲ್ಲಿ ತೆಳುವಾದ ಗೆರೆ ಎಳೆದು, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕಳಿಸಿದರು. ಅದನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ.

ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಪದ ಬೇಕು. 'ಪಾಲುದಾರರು' ಅಂತ ಬರೆದು ನೋಡಿದೆ. ಆಸ್ತಿ ಪತ್ರ ಓದಿದ ಹಾಗಾಯಿತು. 'ಸಹೋದ್ಯೋಗಿಗಳು' ಅಂದರೆ ಮೂವರೂ ಒಂದೇ ಕಚೇರಿಯಲ್ಲಿ ಸಂಬಳಕ್ಕಿದ್ದೇವೆ ಅನ್ನಿಸುತ್ತದೆ. 'ಸಂಗಾತಿ' ಅನ್ನುವ ಹಾಗಿಲ್ಲ, ಈಗ ಅದು ಬಾಳಸಂಗಾತಿಗೆ ಮೀಸಲಾಗಿಬಿಟ್ಟಿದೆ. ಯಾವ ಪದ ಸರಿ? ಯಾಕೆ ಸರಿ ಅಂತಲೂ ದಯವಿಟ್ಟು ಹೇಳಿ. ಅವರಿಗೆ ಅದನ್ನು ವಿವರಿಸಬೇಕು ಅಂತಿದೆ.

ನಿಘಂಟಿನ ಹುಚ್ಚು

ಮೇಡಂ, ಮೊದಲು ನೀವು ಬರೆದ ಪದದ ಬಗ್ಗೆಯೇ ಹೇಳುತ್ತೇನೆ. 'ಸಹಾಯ' ಹುಟ್ಟಿದಾಗ ಸಣ್ಣ ಪದ ಆಗಿರಲಿಲ್ಲ. ಸಹ ಅಂದರೆ ಜೊತೆಗೆ, ಅಯ ಅಂದರೆ ಹೋಗುವುದು. ಸಂಸ್ಕೃತದಲ್ಲಿ ಸಹಾಯ ಅಂದರೆ ಮೊದಲಿಗೆ ಜೊತೆಯಲ್ಲಿ ನಡೆಯುವವನು, ಸಂಗಡಿಗ. ಕೊಡುವ ನೆರವಿನ ಹೆಸರಲ್ಲ, ಜೊತೆಗೆ ಬಂದ ಮನುಷ್ಯನ ಹೆಸರು. ಬರುಬರುತ್ತಾ ಅದು ನೆರವಾಯಿತು. ಆಮೇಲೆ ಹುದ್ದೆಗಳ ಪಟ್ಟಿಗೆ ಸೇರಿ 'ಸಹಾಯಕ' ಆಯಿತು. ಈಗ ಆ ಪದ ಕೇಳಿದರೆ ಮೇಲೆ ಇನ್ನೊಬ್ಬರು ಇದ್ದಾರೆ ಅಂತಲೇ ಅರ್ಥ. ನಿಮ್ಮ ಹಿರಿಯರು ಗೆರೆ ಎಳೆದದ್ದು ಅದಕ್ಕೇ ಇರಬೇಕು. ಪದದ ಮೂಲ ಏನೇ ಇದ್ದರೂ ಓದುವವರ ಕಿವಿಗೆ ಇವತ್ತು ಏನು ಕೇಳಿಸುತ್ತದೋ ಅದೇ ಅರ್ಥ.

ಸಹೋದ್ಯೋಗಿ ಬಗ್ಗೆ ನೀವು ಹೇಳಿದ್ದು ಸರಿ. ಸಹ ಮತ್ತು ಉದ್ಯೋಗಿ ಸೇರಿ ಗುಣಸಂಧಿಯಿಂದ ಸಹೋದ್ಯೋಗಿ. ಹಾಗೆಯೇ ಸಹ ಮತ್ತು ಉದರ ಸೇರಿ ಸಹೋದರ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಎರಡರಲ್ಲೂ ನಾವು ಆರಿಸಿಕೊಂಡದ್ದು ಏನೂ ಇಲ್ಲ. ಅಣ್ಣತಮ್ಮಂದಿರನ್ನು ನಾವು ಆರಿಸುವುದಿಲ್ಲ, ಸಹೋದ್ಯೋಗಿಯನ್ನೂ ಬಹಳ ಸಲ ಆರಿಸುವುದಿಲ್ಲ. ಇಬ್ಬರನ್ನೂ ಬೇರೆ ಯಾರೋ ಒಂದೇ ಕಡೆ ತಂದು ಕೂರಿಸಿರುತ್ತಾರೆ. ಇಂಗ್ಲಿಷಿನ ಕಲೀಗ್ ಕೂಡ ಹಾಗೇ. ಲ್ಯಾಟಿನ್ನಿನ ಕೊಲ್ಲೇಗಾ ಅಂದರೆ ಅಧಿಕಾರಕ್ಕೆ ಒಟ್ಟಿಗೆ ನೇಮಕವಾದವನು. ಹಳೇ ರೋಮಿನಲ್ಲಿ ಒಟ್ಟಿಗೆ ಅತ್ಯುನ್ನತ ಅಧಿಕಾರ ನಡೆಸುತ್ತಿದ್ದ ಇಬ್ಬರು ಕಾನ್ಸಲ್‌ಗಳು ಒಬ್ಬರಿಗೊಬ್ಬರು ಕೊಲ್ಲೇಗಾ. ಒಬ್ಬನ ನಿರ್ಧಾರವನ್ನು ಇನ್ನೊಬ್ಬ ತಡೆಯಬಹುದಿತ್ತು.

ನೀವು ಮೂವರು ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದೀರಿ. ಹಾಗಾಗಿ ಸಹೋದ್ಯೋಗಿ ಬೇಡ.

ಲೆಕ್ಕದ ಪುಸ್ತಕ

ನಾನು ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವನು. ಒಂದು ಎಚ್ಚರಿಕೆ ಹೇಳಬೇಕು. 'ಪಾಲುದಾರ' ಅನ್ನುವುದು ಸುಮ್ನೆ ಬಳಸುವ ಪದವಲ್ಲ, ಅದಕ್ಕೆ ಕಾನೂನಿನ ತೂಕ ಇದೆ. ನಮ್ಮಲ್ಲಿ 1932ರ ಪಾಲುದಾರಿಕೆ ಕಾಯಿದೆ ಇದೆ. ವ್ಯವಹಾರವನ್ನು ಎಲ್ಲರೂ ಸೇರಿ ನಡೆಸಬಹುದು, ಅಥವಾ ಎಲ್ಲರ ಪರವಾಗಿ ಒಬ್ಬರೋ ಕೆಲವರೋ ನಡೆಸಬಹುದು. ಅದರ ಲಾಭವನ್ನು ಹಂಚಿಕೊಳ್ಳಲು ಒಪ್ಪಿಕೊಂಡವರ ನಡುವಿನ ಸಂಬಂಧವೇ ಪಾಲುದಾರಿಕೆ. ಅಂದರೆ ಒಬ್ಬ ಪಾಲುದಾರ ವ್ಯವಹಾರಕ್ಕಾಗಿ ಸಾಲ ಮಾಡಿದರೆ ಉಳಿದವರೂ ತೀರಿಸಬೇಕಾಗಬಹುದು. ಇನ್ನೂ ಒಂದಿದೆ. ನಿಜವಾಗಿ ಪಾಲು ಇಲ್ಲದಿದ್ದರೂ 'ನಾನು ಇದರ ಪಾಲುದಾರ' ಅಂತ ತೋರಿಸಿಕೊಂಡು, ಅದನ್ನು ನಂಬಿ ಯಾರಾದರೂ ಸಾಲ ಕೊಟ್ಟರೆ, ಹಾಗೆ ತೋರಿಸಿಕೊಂಡವರೂ ಹೊಣೆಯಾಗುತ್ತಾರೆ. ಆದ್ದರಿಂದ ಆ ಪದವನ್ನು ಅಚ್ಚು ಹಾಕುವ ಮುಂಚೆ ಮೂವರೂ ಕೂತು ಮಾತಾಡಿ.

ಪದದ ರೂಪ ಮಾತ್ರ ನನಗೆ ಬಹಳ ಇಷ್ಟ. ಪಾಲು ನಮ್ಮದು. 'ದಾರ' ಪಾರ್ಸಿಯಿಂದ ಬಂದ ಬಾಲ, ಹಿಡಿದವನು, ಉಳ್ಳವನು ಅಂತ ಅರ್ಥ. ಅದೇ ಬಾಲ ಸಂಸ್ಕೃತಕ್ಕೆ ಅಂಟಿ ಭಾಗಿದಾರ, ಇಂಗ್ಲಿಷಿಗೆ ಅಂಟಿ ಷೇರುದಾರ. ಪಾಲು ಹಿಡಿದವನು ಪಾಲುದಾರ. ಮಾಡಿದವನು ಅಂತ ಆ ಪದ ಎಲ್ಲೂ ಹೇಳುವುದಿಲ್ಲ. ಹಿಡಿದಿದ್ದರೆ ಸಾಕು.

ದುಡ್ಡು ಹಾಕುವವರು ಮತ್ತು ದುಡಿಯುವವರು ಬೇರೆ ಬೇರೆ ಆದಾಗ ಅವರನ್ನು ಏನನ್ನಬೇಕು ಅನ್ನುವುದು ಹಳೇ ಪ್ರಶ್ನೆ. ಮಧ್ಯಯುಗದ ಜಿನೋವಾ, ವೆನಿಸ್ ವ್ಯಾಪಾರಿಗಳಲ್ಲಿ ಕಮೆಂಡಾ ಅನ್ನುವ ಒಪ್ಪಂದ ಇತ್ತು. ಒಬ್ಬ ಊರಲ್ಲೇ ಇದ್ದು ಬಂಡವಾಳ ಹಾಕುವವನು, ಅವನಿಗೆ 'ಸ್ಟಾನ್ಸ್' ಅಂತ ಹೆಸರು, ಅಂದರೆ ನಿಂತವನು. ಇನ್ನೊಬ್ಬ ಸರಕು ತೆಗೆದುಕೊಂಡು ಸಮುದ್ರ ದಾಟುವವನು, ಅವನು 'ಟ್ರಾಕ್ಟಾಟರ್', ವ್ಯವಹಾರ ನಡೆಸುವವನು. ಬಂಡವಾಳವೆಲ್ಲ ನಿಂತವನದೇ ಆಗಿದ್ದರೆ ಸಾಮಾನ್ಯವಾಗಿ ಲಾಭದ ಮುಕ್ಕಾಲು ಭಾಗ ಅವನಿಗೆ, ಕಾಲು ಭಾಗ ಹೋದವನಿಗೆ. ಇಬ್ಬರಿಗೂ ಬೇರೆ ಹೆಸರು ಇತ್ತು. ನಿಮ್ಮ ಹಿರಿಯರು ನಿಂತವರೂ ಹೌದು, ಹೋದವರೂ ಹೌದು. ಅದಕ್ಕೇ ನಿಮಗೆ ಪದ ಸಿಗುತ್ತಿಲ್ಲ.

ಸುಲಭದವ

'ನಮ್ಮ ತಂಡ' ಅಂತ ಹಾಕಿ, ಕೆಳಗೆ ಮೂರು ಹೆಸರು ಬರೆಯಿರಿ. ಮುಗಿಯಿತಲ್ವಾ?

ಮೂವರಲ್ಲೊಬ್ಬಳು

ಅದನ್ನೂ ಯೋಚಿಸಿದೆ. ಆದರೆ ತಂಡ ಅಂದರೆ ಒಟ್ಟು ಗುಂಪಿನ ಹೆಸರು. ಅದರೊಳಗಿನ ಒಬ್ಬೊಬ್ಬರಿಗೆ ಏನನ್ನಲಿ? 'ತಂಡದ ಸದಸ್ಯರು' ಅಂದರೆ ಮತ್ತೆ ಪಟ್ಟಿ ಓದಿದ ಹಾಗೆ. ನಾಳೆ ಯಾರಾದರೂ ಕೇಳಿದರೆ 'ಇವರು ನನ್ನ ತಂಡ' ಅನ್ನಲಾಗುವುದಿಲ್ಲ. 'ಇವರು ನನ್ನ ___' ಅನ್ನುವ ಆ ಖಾಲಿ ಜಾಗಕ್ಕೆ ಬೇಕು.

ಲೆಕ್ಕದ ಸರ್, ನೀವು ಹೇಳಿದ್ದು ಓದಿ ಸ್ವಲ್ಪ ಹೆದರಿಕೆ ಆಯಿತು, ಆದರೆ ಒಳ್ಳೆಯದೇ ಆಯಿತು. ನಾವು ಬಾಯಿಮಾತಲ್ಲಿ ಮುಗಿಸಿದ್ದನ್ನು ಈಗ ಬರೆದು ಇಟ್ಟುಕೊಳ್ಳುತ್ತೇವೆ.

ಸುದ್ದಿಮನೆಯವಳು

ನಾನು ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುತ್ತೇನೆ. ಯಾವ ಪದ ಬೇಡ ಅಂತ ಹೇಳುವುದು ನನಗೆ ಗೊತ್ತು. 'ಸಹಚರ' ಬೇಡವೇ ಬೇಡ. ಜೊತೆಗೆ ನಡೆಯುವವನು ಅಂತ ಎಷ್ಟು ಒಳ್ಳೆಯ ಅರ್ಥ! ಆದರೆ ಸುದ್ದಿಯಲ್ಲಿ ಅದು ಬರುವುದು 'ಆರೋಪಿ ಮತ್ತು ಆತನ ಸಹಚರರು' ಅಂತ ಮಾತ್ರ. ನಾವು ಸುದ್ದಿಯವರೇ ಅದನ್ನು ಹಾಗೆ ಮಾಡಿದ್ದೇವೆ ಅಂತ ನನಗೆ ಬೇಜಾರಿದೆ. ಒಳ್ಳೆಯ ಕೆಲಸ ಮಾಡಿದವರ ಸುದ್ದಿಯಲ್ಲಿ ಸಹಚರ ಅನ್ನುವ ಪದವನ್ನು ನಾನು ಒಮ್ಮೆಯೂ ತಿದ್ದಿಲ್ಲ, ಯಾಕೆಂದರೆ ಯಾರೂ ಹಾಗೆ ಬರೆಯುವುದೇ ಇಲ್ಲ.

'ಶಾಮೀಲು' ನೋಡಿ. ಅರಬ್ಬಿ ಮೂಲದ್ದು, ಸೇರಿದ, ಒಳಗೊಂಡ ಅಂತಷ್ಟೇ ಅರ್ಥ. ಹಿಂದಿಯಲ್ಲಿ ಮದುವೆಗೂ ಶಾಮಿಲ್ ಆಗಬಹುದು, ಮೆರವಣಿಗೆಗೂ ಆಗಬಹುದು. ಕನ್ನಡದಲ್ಲಿ ಹಗರಣಕ್ಕೆ ಮಾತ್ರ ಶಾಮೀಲಾಗುತ್ತಾರೆ. 'ಕುಮ್ಮಕ್ಕು' ಕೂಡ ಹಾಗೇ. ಮರಾಠಿಯಲ್ಲಿ ಕುಮಕ್ ಅಂದರೆ ನೆರವು, ಸೈನ್ಯಕ್ಕೆ ಹಿಂದಿನಿಂದ ಬರುವ ಬಲ. ನಮ್ಮಲ್ಲಿ ಕುಮ್ಮಕ್ಕು ಕೊಡುವುದು ಕೆಟ್ಟ ಕೆಲಸಕ್ಕೆ. 'ಕೈವಾಡ'ವೂ ಆ ಸಾಲಿನದ್ದೇ. 'ಈ ಪುಸ್ತಕದಲ್ಲಿ ಇವರ ಕೈವಾಡ ಇದೆ' ಅಂದರೆ ಪೊಲೀಸರು ಬರಬೇಕು ಅನ್ನಿಸುತ್ತದೆ.

ಇದು ನಮ್ಮ ಭಾಷೆಗೆ ಮಾತ್ರ ಆದದ್ದಲ್ಲ. ಕೊಲಾಬರೇಟರ್ ಅಂದರೆ ಕೂಡಿ ದುಡಿಯುವವನು, ಅಷ್ಟೇ. ಜರ್ಮನಿಗೆ ಸೋತ ಫ್ರಾನ್ಸಿನ ಸರ್ಕಾರದ ಮುಖ್ಯಸ್ಥ ಪೆತ್ಯಾಂ 1940ರ ಅಕ್ಟೋಬರಿನಲ್ಲಿ ಮೊಂತ್ವಾರ್ ಅನ್ನುವ ಊರಲ್ಲಿ ಹಿಟ್ಲರನನ್ನು ಭೇಟಿಯಾದ. ಕೆಲವೇ ದಿನಗಳಲ್ಲಿ ರೇಡಿಯೋದಲ್ಲಿ ಮಾತಾಡಿ, ಕೊಲಾಬೊರಾಸಿಯೋಂ, ಅಂದರೆ ಜರ್ಮನಿಯ ಜೊತೆ ಕೂಡಿ ನಡೆಯುವ ದಾರಿ ಹಿಡಿಯುತ್ತಿದ್ದೇನೆ ಅಂತ ಘೋಷಿಸಿದ. ಅಲ್ಲಿಂದ ಮುಂದೆ ಆ ಪದಕ್ಕೆ ಶತ್ರುವಿನ ಜೊತೆ ಸೇರಿದವನು ಅನ್ನುವ ಅರ್ಥ ಅಂಟಿತು. ಈಗ ಕಲಾವಿದರು, ವಿಜ್ಞಾನಿಗಳು ಅದನ್ನು ಮತ್ತೆ ಒಳ್ಳೆಯ ಅರ್ಥದಲ್ಲೇ ಬಳಸುತ್ತಾರೆ, ಆದರೂ ಕಲೆ ಪೂರ್ತಿ ಹೋಗಿಲ್ಲ. ಕೂಡಿ ಮಾಡಿದ ಕೆಲಸ ಕೆಟ್ಟದ್ದಾದರೆ ಕೂಡಿದವರ ಹೆಸರೂ ಕೆಡುತ್ತದೆ.

ನೆರೆನುಡಿ

ಅಕ್ಕಪಕ್ಕದ ಭಾಷೆಗಳಲ್ಲಿ ಏನಿದೆ ಅಂತ ನೋಡೋಣ. ನನಗೆ ನಾಲ್ಕು ಭಾಷೆ ಮಾತಾಡಿ ಅಭ್ಯಾಸ.

ತೆಲುಗಿನಲ್ಲಿ ಭಾಗಸ್ವಾಮಿ. ವ್ಯಾಪಾರದಲ್ಲೂ ಭಾಗಸ್ವಾಮಿ, ಬಾಳಿನಲ್ಲೂ ಭಾಗಸ್ವಾಮಿ. ತಮಿಳಿನಲ್ಲಿ ಕೂಟ್ಟಾಳಿ, ನಮ್ಮ ಕೂಟ ಪದದ ಹತ್ತಿರದ ನೆಂಟ. ಮಲಯಾಳಂನಲ್ಲಿ ಪಂಗಾಳಿ ಅಂದರೆ ಪಾಲುದಾರ, ಭಾಗವಹಿಸುವವನು. ಅದೇ ಪಂಗಾಳಿ ತಮಿಳಿನಲ್ಲಿ ತಂದೆಯ ಕಡೆಯ ದಾಯಾದಿ. ಮರಾಠಿಯಲ್ಲಿ ಸಹಕಾರಿ ಅಂದರೆ ಸಹೋದ್ಯೋಗಿ. ಕನ್ನಡದಲ್ಲಿ ಸಹಕಾರಿ ಅಂದಕೂಡಲೇ ಸಹಕಾರಿ ಸಂಘ, ಸಹಕಾರಿ ಬ್ಯಾಂಕ್ ನೆನಪಾಗುತ್ತವೆ. ಒಂದೇ ಪದ ಗಡಿ ದಾಟಿದರೆ ಬೇರೆ ಅಂಗಿ ಹಾಕಿಕೊಳ್ಳುತ್ತದೆ.

ದಾಯಾದಿ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ದಾಯ ಅಂದರೆ ಪಿತ್ರಾರ್ಜಿತದ ಪಾಲು. ಅದನ್ನು ತೆಗೆದುಕೊಳ್ಳುವ ಹಕ್ಕುಳ್ಳವನು ದಾಯಾದ, ದಾಯಾದಿ. ಇದರಲ್ಲಿ ಜಗಳದ ಸುಳಿವೇ ಇಲ್ಲ. ಆದರೆ ದಾಯಾದಿ ಅಂದಮೇಲೆ ನಮ್ಮ ಬಾಯಿಗೆ ಬರುವ ಮುಂದಿನ ಪದ ಮತ್ಸರ, ಇಲ್ಲವೇ ಕಲಹ. ಲ್ಯಾಟಿನ್ನಿನಲ್ಲೂ ಹೀಗೇ ಆಗಿದೆ. ರಿವಾಲಿಸ್ ಅಂದರೆ ಒಂದೇ ತೊರೆಯ ನೀರು ಬಳಸುವವನು. ಅದರಿಂದ ಬಂದದ್ದು ರೈವಲ್, ಎದುರಾಳಿ. ಹಂಚಿಕೊಳ್ಳುವುದು ಇದೆ ಅಂದಮೇಲೆ ಕಿತ್ತಾಟವೂ ಹತ್ತಿರದಲ್ಲೇ ಇರುತ್ತದೆ ಅಂತ ಪದಗಳಿಗೇ ಗೊತ್ತು.

ಹಾಗಾಗಿ ನನಗೆ ಪಾಲು ಅನ್ನುವ ಬೇರಿನ ಪದ ಇಷ್ಟವಿಲ್ಲ. ಪಾಲ್ಗೊಳ್ಳು ಅಂದರೆ ಸೇರುವುದು. ಆದರೆ ಪಾಲಾಗು ಅಂದರೆ? ನೀರುಪಾಲು, ಕಂಡವರ ಪಾಲು. ಒಂದೇ ಬೇರು, ಒಂದು ಕೊಂಬೆ ಸೇರಿಸುತ್ತದೆ, ಇನ್ನೊಂದು ಕಳೆಯುತ್ತದೆ.

ಲೆಕ್ಕದ ಪುಸ್ತಕ

'ಪಾಲಿಗೆ ಬಂದದ್ದು ಪಂಚಾಮೃತ' ಅನ್ನುವುದನ್ನು ಮರೆತಿರಿ. ಪಾಲು ಅಂದರೆ ಒಡೆಯುವುದು ಮಾತ್ರ ಅಲ್ಲ. ಸ್ಪಷ್ಟವಾಗಿ ಪಾಲು ಹೇಳಿಕೊಂಡವರ ನಡುವೆ ಜಗಳ ಕಡಿಮೆ. ಹೇಳದೆ ಬಿಟ್ಟವರ ನಡುವೆಯೇ ಜಾಸ್ತಿ. ಇದನ್ನು ನಾನು ಎಷ್ಟೋ ಕಡತಗಳಲ್ಲಿ ನೋಡಿದ್ದೇನೆ.

ನೆರೆನುಡಿ

ಒಪ್ಪುತ್ತೇನೆ ಸರ್. ಕಡತದಲ್ಲಿ ಪಾಲುದಾರ ಇರಲಿ. ಪುಸ್ತಕದ ಎರಡನೇ ಪುಟದಲ್ಲಿ ಬೇಡ ಅಂತಷ್ಟೇ ನನ್ನ ಮಾತು.

ಮುಯ್ಯಾಳು

ನನ್ನ ಹೆಸರೇ ಇಲ್ಲಿ ಉತ್ತರ. ಒಂದೇ ಹೊಲದ ಕೆಲಸಕ್ಕೆ ಜನ ಸಾಲದಿದ್ದಾಗ ಇವತ್ತು ನಾನು ನಿನ್ನಲ್ಲಿಗೆ, ನಾಳೆ ನೀನು ನನ್ನಲ್ಲಿಗೆ. ಕೂಲಿ ಇಲ್ಲ, ಆಳಿಗೆ ಆಳು. ಹಾಗೆ ಬಂದವರು ಮುಯ್ಯಾಳು. ಕೂಲಿಯಾಳು ಬೇರೆ, ಜೀತದಾಳು ಬೇರೆ, ಮುಯ್ಯಾಳು ಬೇರೆ. ಮೂರರಲ್ಲೂ 'ಆಳು' ಇದೆ, ಆದರೆ ಮುಯ್ಯಾಳು ಯಾರಿಗೂ ಕೆಳಗಿನವನಲ್ಲ, ಯಾಕೆಂದರೆ ನಾಳೆ ಅವನ ಹೊಲದಲ್ಲಿ ನೀನೇ ಆಳು.

ಆಳು ಅನ್ನುವ ಪದವೇ ವಿಚಿತ್ರ ನೋಡಿ. ನಾಮಪದವಾದರೆ ದುಡಿಯುವವನು, ಕ್ರಿಯಾಪದವಾದರೆ ರಾಜ್ಯ ಆಳುವುದು. 'ಆಳಾಗಿ ದುಡಿ, ಅರಸನಾಗಿ ಉಣ್ಣು' ಅಂತಾರಲ್ಲ, ಆ ಗಾದೆ ಆ ಒಂದು ಪದದೊಳಗೇ ಇದೆ ಅನ್ನಿಸುತ್ತದೆ ನನಗೆ.

ಮುಯ್ಯಿಗೂ ಎರಡು ಮುಖ ಇದೆ ಅಂತ ಒಪ್ಪುತ್ತೇನೆ. ಉಪಕಾರಕ್ಕೂ ಮುಯ್ಯಿ ತೀರಿಸುತ್ತಾರೆ, ಹಗೆಗೂ ಮುಯ್ಯಿ ತೀರಿಸುತ್ತಾರೆ. ಆದರೆ ಮುಯ್ಯಾಳು ಅಂದಾಗ ಹಗೆ ಇಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿರುತ್ತಾರೆ. ಯಾರೂ ಯಾರನ್ನೂ 'ಬಾ' ಅನ್ನುವುದಿಲ್ಲ. ಸಾಲು ಹಿಡಿಯುತ್ತಾರೆ. ಒಬ್ಬರು ಹಿಂದೆ ಬಿದ್ದರೆ ಪಕ್ಕದವರು ತಮ್ಮ ಸಾಲಿನ ಜೊತೆಗೆ ಅವರ ಸಾಲಿನದ್ದೂ ನಾಲ್ಕು ಹಿಡಿ ಕೊಯ್ದುಕೊಂಡು ಹೋಗುತ್ತಾರೆ. ಸಾಲು ಸಮವಾಗಿ ಸಾಗುತ್ತದೆ. ಅದನ್ನು ಯಾರೂ ಲೆಕ್ಕ ಬರೆಯುವುದಿಲ್ಲ.

ಅಕ್ಕಾ, ನಿಮ್ಮ ಪುಸ್ತಕದ ಆಮೆಯ ಪುಟ ಓದಿದಾಗ ನನಗೆ ಇದೇ ನೆನಪಾಯಿತು. ನಿಮ್ಮ ಸಾಲನ್ನು ಅವರು ನಾಲ್ಕು ಹಿಡಿ ಕೊಯ್ದಿದ್ದಾರೆ.

ಮೂವರಲ್ಲೊಬ್ಬಳು

ಇದನ್ನು ಎರಡು ಸಲ ಓದಿದೆ. ಗೆಳತಿಗೂ ಕಳಿಸಿದೆ. ಅವಳು ಕೇಳಿದ್ದು ಒಂದೇ: 'ನಾವು ಅವರಿಗೆ ಯಾವ ಸಾಲು ಕೊಯ್ದಿದ್ದೇವೆ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ವರಜತೆ

'ಜಂಟಿ' ಯಾರೂ ಹೇಳಲಿಲ್ಲ. ಜಂಟಿ ಪ್ರಯತ್ನ, ಜಂಟಿ ಉದ್ಯಮ ಅಂತ ಎಲ್ಲರೂ ಬಳಸುತ್ತೇವೆ. ಬಹಳ ಜನ ಇದು ಇಂಗ್ಲಿಷಿನ ಜಾಯಿಂಟ್ ಕೆಟ್ಟು ಬಂದದ್ದು ಅಂದುಕೊಂಡಿದ್ದಾರೆ. ಹಾಗಲ್ಲ. ತೆಲುಗಿನಲ್ಲಿ ಜಂಟ ಅಂದರೆ ಜೋಡಿ. ಸಂಗೀತ ಕಲಿತವರಿಗೆ ಸರಳೆ ವರಸೆ ಆದಮೇಲೆ ಜಂಟಿ ವರಸೆ ಬರುತ್ತದೆ. ಸಸ ರಿರಿ ಗಗ ಮಮ. ಪ್ರತಿ ಸ್ವರ ಜೋಡಿಯಾಗಿ. ಮಕ್ಕಳಿಗೆ ಕಲಿಸುವಾಗ ನಾನು ಒಂದು ಮಾತು ಮತ್ತೆ ಮತ್ತೆ ಹೇಳುತ್ತೇನೆ. ಎರಡನೇ ಸ ಮೊದಲನೆಯದರ ನಕಲು ಅಲ್ಲ, ಅದರ ಮೇಲೆ ಸ್ವಲ್ಪ ಒತ್ತು ಬೀಳಬೇಕು. ಒತ್ತು ಬೀಳದಿದ್ದರೆ ಎರಡು ಸ ಸೇರಿ ಒಂದು ಉದ್ದದ ಸ ಆಗಿಬಿಡುತ್ತದೆ, ಜಂಟಿಯೇ ಇರುವುದಿಲ್ಲ. ಜೊತೆಗೆ ಇದ್ದೂ ಬೇರೆಯಾಗಿ ಕೇಳಿಸಬೇಕು.

ಆದರೆ ಜಂಟಿ ವಿಶೇಷಣ ಮಾತ್ರ. 'ಇವರು ನನ್ನ ಜಂಟಿ' ಅನ್ನಲಾಗುವುದಿಲ್ಲ. ಕಚೇರಿಗಳಲ್ಲಂತೂ ಜಂಟಿ ನಿರ್ದೇಶಕ ಅಂದರೆ ಯಾರ ಜೋಡಿಯೂ ಅಲ್ಲ, ಅದೊಂದು ದರ್ಜೆ. ಹಾಗಾಗಿ ನಿಮ್ಮ ಖಾಲಿ ಜಾಗಕ್ಕೆ ನಾನು 'ಜೊತೆಗಾರರು' ಅನ್ನುತ್ತೇನೆ. ಸರಳ, ಎಲ್ಲರಿಗೂ ಗೊತ್ತು, ಯಾರೂ ಮೇಲೆ ಕೆಳಗೆ ಇಲ್ಲ.

ಸುದ್ದಿಮನೆಯವಳು

ಜೊತೆಗಾರ, ಜೊತೆಗಾತಿ. ಇಲ್ಲಿ ಇಬ್ಬರು ಹೆಂಗಸರಿದ್ದಾರೆ. ಬಹುವಚನದಲ್ಲಿ ಜೊತೆಗಾರರು ಅಂದರೆ ಎಲ್ಲರೂ ಸೇರುತ್ತಾರೆ, ನಿಜ. ಆದರೆ ಒಬ್ಬರನ್ನು ಪರಿಚಯಿಸುವಾಗ 'ಇವಳು ನನ್ನ ಜೊತೆಗಾತಿ' ಅಂದರೆ ಕೇಳುವವರಿಗೆ ಬೇರೆ ಅರ್ಥ ಹೊಳೆಯಬಹುದು. ಒಡನಾಡಿಗೆ ಆ ತೊಂದರೆ ಇಲ್ಲ. ಗಂಡಿಗೂ ಹೆಣ್ಣಿಗೂ ಒಂದೇ.

ನಿಘಂಟಿನ ಹುಚ್ಚು

ಒಡನಾಡಿ ಬಂತು ಅಂತ ಖುಷಿಯಾಯಿತು. ಅದಕ್ಕಾಗಿಯೇ ಕಾದಿದ್ದೆ.

ಒಡನ್ ಅಂದರೆ ಕೂಡ, ಜೊತೆ. ತಮಿಳಿನಲ್ಲಿ ಉಡನ್. ಅದರಿಂದ ಒಡಹುಟ್ಟು, ಒಡಗೂಡು, ಒಡನಾಡಿ, ಒಡಂಬಡಿಕೆ. ಅಂದರೆ ಒಪ್ಪಂದಪತ್ರಕ್ಕೂ ಗೆಳೆತನಕ್ಕೂ ನಮ್ಮಲ್ಲಿ ಒಂದೇ ಬೇರು. ಹತ್ತಿರದಲ್ಲೇ ಇನ್ನೆರಡು ಪದ ಇವೆ, ನೋಡಲು ಒಂದೇ ಥರ, ಬೇರು ಮಾತ್ರ ಬೇರೆ. ಒಡೆಯ, ಅಂದರೆ ಉಳ್ಳವನು. ಒಡೆ, ಅಂದರೆ ಸೀಳು. ಒಡನಾಡಿಗಳಾಗಿ ಶುರುವಾದ ಕೆಲಸದಲ್ಲಿ ಒಬ್ಬ ಒಡೆಯನಾಗಲು ಹೊರಟರೆ ಕೆಲಸ ಒಡೆಯುತ್ತದೆ. ವ್ಯುತ್ಪತ್ತಿಯಲ್ಲಿ ಈ ಮೂರಕ್ಕೂ ಸಂಬಂಧವಿಲ್ಲ, ಆದರೆ ಕನ್ನಡದ ಕಿವಿಗೆ ಮೂರೂ ಒಟ್ಟಿಗೆ ಕೇಳಿಸುತ್ತವೆ.

ಒಡನೆ ಆಡುವವನು ಒಡನಾಡಿ. ಲ್ಯಾಟಿನ್ನಿನಲ್ಲೂ ಕೂಡಿ ಆಡು ಅನ್ನುವ ಪದ ಇತ್ತು. ಇಂಗ್ಲಿಷಿಗೆ ಬಂದು ಕಲ್ಯೂಷನ್ ಆಯಿತು, ಒಳಸಂಚು. ನಮ್ಮ ಒಡನಾಡಿ ಹಾಗೆ ಕೆಡಲಿಲ್ಲ. ಸುದ್ದಿಮನೆಯ ಮೇಡಂ ಹೇಳಿದ ಪದಗಳ ಸಾಲಿಗೆ ಇದು ಸೇರದೆ ಉಳಿದದ್ದು ನಮ್ಮ ಪುಣ್ಯ.

ಇಂಗ್ಲಿಷಿನ ಫೆಲೋ ಬಗ್ಗೆಯೂ ಹೇಳಲೇಬೇಕು. ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಯ ಫೇಲಗಿ ಅದರ ಮೂಲ. ಫೇ ಅಂದರೆ ದನಕರು, ಹಣ. ಲಗ್ ಅಂದರೆ ಇಡುವುದು. ತನ್ನ ಸ್ವತ್ತನ್ನು ಇನ್ನೊಬ್ಬನ ಸ್ವತ್ತಿನ ಪಕ್ಕದಲ್ಲಿ ತಂದು ಇಟ್ಟವನು ಫೇಲಗಿ. ಪಕ್ಕಾ ಬಂಡವಾಳದ ಪಾಲುದಾರ! ಅದು ನಡೆದು ನಡೆದು ಗೆಳೆಯ ಆಯಿತು, ಕೊನೆಗೆ ಯಾರೋ ಒಬ್ಬ ಮನುಷ್ಯ ಆಯಿತು. ಕಂಪನಿಯೂ ಹಾಗೇ, ಒಟ್ಟಿಗೆ ರೊಟ್ಟಿ ತಿನ್ನುವವರು. ಅದು ಮಾತ್ರ ಎದುರು ದಿಕ್ಕಿನಲ್ಲಿ ನಡೆಯಿತು. ಊಟದಿಂದ ಹೊರಟು ನೋಂದಣಿ ಸಂಖ್ಯೆಗೆ ಬಂದು ನಿಂತಿತು.

ಇನ್ನು ನಮ್ಮ ಹಳೇ ನ್ಯಾಯಗ್ರಂಥಗಳಲ್ಲಿ ಜಂಟಿ ಉದ್ಯಮಕ್ಕೆ ಬಹಳ ಸುಂದರ ಹೆಸರಿದೆ: ಸಂಭೂಯ ಸಮುತ್ಥಾನ. ಒಂದಾಗಿ ಸೇರಿ ಮೇಲೇಳುವುದು. ವ್ಯಾಜ್ಯಗಳ 18 ಬಗೆಗಳಲ್ಲಿ ಇದೂ ಒಂದು. ಮನುಸ್ಮೃತಿಯ 8ನೇ ಅಧ್ಯಾಯದಲ್ಲಿ ಇದೆ, ಕೌಟಿಲ್ಯನ ಅರ್ಥಶಾಸ್ತ್ರದ 3ನೇ ಅಧಿಕರಣದಲ್ಲೂ ಇದೆ. ಮನುಸ್ಮೃತಿ ಕೊಡುವ ಉದಾಹರಣೆ ಯಜ್ಞ ಮಾಡಿಸುವ ಪುರೋಹಿತರದು. ಒಬ್ಬ ನಡುವೆ ಬಿಟ್ಟುಹೋದರೆ ಅವನು ಮಾಡಿದಷ್ಟು ಕೆಲಸಕ್ಕೆ ತಕ್ಕ ಪಾಲನ್ನು ಜೊತೆಯವರು ಕೊಡಬೇಕು. ಕೂಡಿ ಕೆಲಸ ಮಾಡುವ ಎಲ್ಲರಿಗೂ ಪಾಲು ಹೀಗೇ ಗೊತ್ತುಮಾಡಬೇಕು ಅಂತ ಕೊನೆಯಲ್ಲಿ ಹೇಳುತ್ತದೆ. ಪಾಲಿಗೆ ಅಳತೆಯಾಗಿ ಅಲ್ಲಿ ಇಟ್ಟದ್ದು ಮಾಡಿದ ಕೆಲಸವನ್ನು.

ಆದರೂ ಅಲ್ಲಿ ಕೂಡಿದ ಮನುಷ್ಯನಿಗೆ ಹೆಸರು ಕೊಡುವುದಕ್ಕಿಂತ ಕೂಡಿ ಮಾಡಿದ ಕೆಲಸಕ್ಕೆ ಹೆಸರು ಕೊಟ್ಟದ್ದು ನನಗೆ ಯೋಚಿಸಬೇಕಾದ್ದು ಅನ್ನಿಸುತ್ತದೆ.

ಸುಲಭದವ

ನಾನು ಮೊದಲು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಒಂದು ಪ್ರಶ್ನೆ. 'ಸಹಯೋಗಿ' ಅಥವಾ 'ಸಹಭಾಗಿ' ಯಾಕೆ ಬೇಡ?

ನೆರೆನುಡಿ

ಸಹಯೋಗ ಅನ್ನುವುದು ಸಂಸ್ಥೆ ಸಂಸ್ಥೆಗಳ ನಡುವಿನ ಮಾತಾಗಿಬಿಟ್ಟಿದೆ. ಆಹ್ವಾನ ಪತ್ರಿಕೆಯ ಕೆಳಗೆ 'ಇವರ ಸಹಯೋಗದಲ್ಲಿ' ಅಂತ ಬರುತ್ತದಲ್ಲ, ಅಲ್ಲಿ ಯಾರು ಏನು ಮಾಡಿದರು ಅಂತ ಯಾರಿಗೂ ತಿಳಿಯುವುದಿಲ್ಲ. ಮನುಷ್ಯನಿಗೆ ಮನುಷ್ಯ ಹೇಳುವ ಪದ ಅದಲ್ಲ.

ಇನ್ನೊಂದು ವಿಷಯ ಹೊಳೆಯಿತು. ತೆಲುಗಿನಲ್ಲಿ 'ನಾವು' ಅನ್ನಲು ಎರಡು ಪದ ಇವೆ. ಮನಂ ಅಂದರೆ ನೀನೂ ಸೇರಿದ ನಾವು. ಮೇಮು ಅಂದರೆ ನಿನ್ನನ್ನು ಬಿಟ್ಟ ನಾವು. ತಮಿಳಿನಲ್ಲೂ ನಾಂ, ನಾಂಗಳ್ ಅಂತ ಬೇರೆ ಬೇರೆ. ಇವತ್ತಿನ ಕನ್ನಡದಲ್ಲಿ ಒಂದೇ 'ನಾವು'. 'ಇದು ನಮ್ಮ ಪುಸ್ತಕ' ಅಂತ ಅಕ್ಕ ಆ ಹಿರಿಯರ ಮುಂದೆ ಹೇಳಿದರೆ ಅವರು ಒಳಗಿದ್ದಾರಾ ಹೊರಗಿದ್ದಾರಾ ಅಂತ ಪದ ಹೇಳುವುದಿಲ್ಲ. ಅದನ್ನು ಬೇರೆ ಥರ ಹೇಳಬೇಕು. 'ಸಹಾಯ' ಅಂತ ಅಚ್ಚಾದಾಗ ಅವರು ಹೊರಗೆ ಬಿದ್ದರು.

ಆದರೆ ಕನ್ನಡದ ಇನ್ನೊಂದು ಗುಣ ಇಲ್ಲಿ ಕೈ ಹಿಡಿಯುತ್ತದೆ. ಮೂರು ಪುಸ್ತಕ, ಆದರೆ ಮೂವರು ಜನ. ನಮ್ಮ ಎಣಿಕೆಯಲ್ಲೇ ಮನುಷ್ಯರು ಸೇರಿರುತ್ತಾರೆ. ಇಬ್ಬರು, ಮೂವರು, ನಾಲ್ವರು, ಐವರು. ಹಳೇ ಶಾಸನಗಳ 'ಅಯ್ಯಾವೊಳೆ ಐನೂರ್ವರು' ನೆನಪಿಸಿಕೊಳ್ಳಿ. ಐಹೊಳೆಯಿಂದ ಹೆಸರು ಪಡೆದ ವರ್ತಕರ ಸಂಘ, ದಕ್ಷಿಣದಲ್ಲೆಲ್ಲ ಹರಡಿತ್ತು. ಅವರು ತಮ್ಮನ್ನು ಕರೆದುಕೊಂಡದ್ದು ಒಂದು ಎಣಿಕೆಯಿಂದ. ಇಲ್ಲಿ ಕೇಳುತ್ತಿರುವವರೂ ಆಗಲೇ 'ಮೂವರಲ್ಲೊಬ್ಬಳು' ಅಂತ ಹೆಸರಿಟ್ಟುಕೊಂಡಿದ್ದಾರೆ.

ಮುಯ್ಯಾಳು

ಹೌದಲ್ವಾ! 'ನಾವು ಮೂವರು' ಅಂದಾಗ ಯಾರೂ ಸಹಾಯಕರಲ್ಲ.

ನಿಘಂಟಿನ ಹುಚ್ಚು

ಹಾಗಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ನಾವೆಲ್ಲ ನಾಮಪದ ಹುಡುಕುತ್ತಾ ಬಂದೆವು. ಪ್ರತಿ ನಾಮಪದಕ್ಕೂ ಒಂದು ಕಲೆ ಇದೆ, ಇಲ್ಲವೇ ಒಂದು ದರ್ಜೆ ಇದೆ. ಕ್ರಿಯಾಪದ ಯಾಕಾಗಬಾರದು? 'ಕೂಡು' ನಮ್ಮ ಹತ್ತಿರ ಇರುವ ಬಹಳ ಒಳ್ಳೆಯ ಪದ. ಕೂಡುವ ಲೆಕ್ಕ, ಕೂಡು ಕುಟುಂಬ, ಕೂಟ, ಒಕ್ಕೂಟ, ಒಗ್ಗೂಡು ಎಲ್ಲ ಅದರಿಂದಲೇ. ಕೆಲಸ ಕೈಗೂಡಿತು ಅಂತೀವಲ್ಲ, ಕೈಗೆ ಬಂದು ಕೂಡಿತು ಅಂತ. 'ಕೂಡಿ ಮಾಡಿದವರು' ಅಂದರೆ ಹೇಗೆ? ಅದರಲ್ಲಿ 'ಹಿಡಿದವರು' ಇಲ್ಲ, 'ನೇಮಕವಾದವರು' ಇಲ್ಲ. ಮಾಡಿದವರು ಇದ್ದಾರೆ.

ಲೆಕ್ಕದ ಪುಸ್ತಕ

ಪುಸ್ತಕದಲ್ಲಿ 'ಕೂಡಿ ಮಾಡಿದವರು' ಬಹಳ ಚೆನ್ನಾಗಿದೆ. ಪಾಲಿನ ಮಾತನ್ನು ಮಾತ್ರ ಬೇರೆ ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕಿ ಇಟ್ಟುಕೊಳ್ಳಿ ಮೇಡಂ. ಯಾರಾದರೂ ನಡುವೆ ಬಿಟ್ಟರೆ ಏನು, ಮುಂದಿನ ಮುದ್ರಣಕ್ಕೆ ಖರ್ಚು ಯಾರದು, ಚಿತ್ರಗಳ ಹಕ್ಕು ಯಾರ ಹತ್ತಿರ ಉಳಿಯುತ್ತದೆ. ಈ ಮೂರು ಸಾಲು ಸಾಕು.

ಮೂವರಲ್ಲೊಬ್ಬಳು

ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ನಿನ್ನೆ ಮೂವರೂ ಕೂತೆವು. ನಾನು ಮೊದಲು ಕ್ಷಮೆ ಕೇಳಿದೆ. ಅವರು, 'ಪದದ ಬಗ್ಗೆ ಬೇಸರ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ' ಅಂದರು. ಇಲ್ಲಿನ ಮಾತುಗಳನ್ನು ಓದಿ ಹೇಳಿದೆ. ಮುಯ್ಯಾಳು ಅವರು ಬರೆದದ್ದು ಬಂದಾಗ ಇನ್ನೊಮ್ಮೆ ಓದಿಸಿದರು. ಸಹಾಯ ಅಂದರೆ ಜೊತೆಗೆ ನಡೆದವನು ಅಂತ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ನೀನು ಬರೆದದ್ದು ಸರಿಯಾಗೇ ಇತ್ತು, ಓದುವವರಿಗೆ ಗೊತ್ತಿಲ್ಲ ಅಷ್ಟೇ' ಅಂದರು.

ಗೆಳತಿಯ ಪ್ರಶ್ನೆಯನ್ನೂ ಕೇಳಿದೆ, ನಾವು ನಿಮಗೆ ಯಾವ ಸಾಲು ಕೊಯ್ದಿದ್ದೇವೆ ಅಂತ. ಅವರಿಗೆ ಒಂದು ಆಸೆ ಇದೆಯಂತೆ. ಬಹಳ ವರ್ಷದಿಂದ ಬರೆದಿಟ್ಟ ಮಕ್ಕಳ ಪದ್ಯಗಳಿವೆ, ಯಾರಿಗೂ ತೋರಿಸಿಲ್ಲ. ಒಂದು ಹಳೇ ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟರು. ಗೆಳತಿ ಆಗಲೇ ಅದರ ಮೊದಲ ಪದ್ಯಕ್ಕೆ ಚಿತ್ರ ಗೀಚಲು ಶುರುಮಾಡಿದ್ದಾಳೆ.

ಎರಡನೇ ಪುಟ ಈಗ ಹೀಗಿದೆ. ಮೇಲೆ 'ಕೂಡಿ ಮಾಡಿದವರು'. ಕೆಳಗೆ ಮೂರು ಹೆಸರು, ಅಕಾರಾದಿಯಲ್ಲಿ, ಒಂದೇ ಗಾತ್ರದಲ್ಲಿ. ಪ್ರತಿ ಹೆಸರಿನ ಕೆಳಗೆ ಏನೇನು ಮಾಡಿದರು ಅಂತ ಒಂದು ಸಾಲು. ಅವರ ಹೆಸರಿನ ಕೆಳಗೆ 'ಪುಟಗಳು, ಕಾಗದ, ಆಮೆಯ ನದಿ' ಅಂತ ಬರೆದೆವು. ಅವರು ಕೆಂಪು ಶಾಯಿ ತೆಗೆದರು. ನದಿ ಪದದ ಮುಂದಿನ ಹೆಚ್ಚುವರಿ ಚುಕ್ಕಿಯೊಂದನ್ನು ಹೊಡೆದುಹಾಕಿ, ಅಚ್ಚಿಗೆ ಕಳಿಸಿ ಅಂದರು.